ಮೊದಲ ಚೊಂಬು ಎಡಗಾಲಿಗೆ

ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ನನ್ನ ಮಾತು ಕೇಳುತ್ತದೆ, ನನಗೆ ಮಾತ್ರ ಏನೂ ಹೇಳುವುದಿಲ್ಲ. ನಡೆಯುತ್ತದೆ, ಮೆಟ್ಟಿಲು ಹತ್ತುತ್ತದೆ, ಮೈಭಾರ ಹೊರುತ್ತದೆ. ಇರುವೆ ಕಚ್ಚಿದರೂ ಮುಳ್ಳು ಚುಚ್ಚಿದರೂ ಸುಮ್ಮನಿರುತ್ತದೆ. ಕಾಲು ಜೋಮು ಹಿಡಿದಿದೆ ಎಂದು ಜನ ಹೇಳುವಾಗ ಇನ್ನೇನು ಬಿಡುತ್ತದೆ ಎಂಬ ಧೈರ್ಯವೂ ಆ ಮಾತಿನಲ್ಲೇ ಇರುತ್ತದೆ. ನನ್ನದು ಮೂವತ್ತು ವರ್ಷವಾದರೂ ಬಿಡಲಿಲ್ಲ. ಈ ಕಾಲಿನ ವಿಷಯದಲ್ಲಿ ನಾನು ಒಂದು ಸುಳ್ಳು ಹೇಳಿದ್ದೆ. ಈಗ ಕೇಳುವವರು ಯಾರೂ ಇಲ್ಲ, ಆದರೂ ಹೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ನಾವು ಜಯನಗರಕ್ಕೆ ಬಂದಾಗ ನಮ್ಮ ರಸ್ತೆಯಲ್ಲಿ ಇದ್ದದ್ದು ಮೂರೇ ಮನೆ. ಉಳಿದದ್ದೆಲ್ಲ ಖಾಲಿ ಸೈಟು, ಕಲ್ಲು ನೆಟ್ಟ ಗುರುತು, ಕಳ್ಳಿ ಗಿಡ. ಆಮೇಲೆ ಒಂದೊಂದೇ ಮನೆ ಎದ್ದಿತು. ಬಂದವರೆಲ್ಲ ಹೊಸದಾಗಿ ಮದುವೆಯಾದ ನೌಕರಿಯ ಜನ. ಅವರ ತಾಯಂದಿರು, ಅತ್ತೆಯರು ಎಲ್ಲೆಲ್ಲೋ ದೂರದ ಊರುಗಳಲ್ಲಿ. ಬಾಣಂತನಕ್ಕೆಂದು ಬಂದವರು ಒಂದೂವರೆ ತಿಂಗಳಾಗುತ್ತಲೇ ತಮ್ಮ ಮನೆಮಠ ನೋಡಿಕೊಳ್ಳಲು ಹೊರಟುಬಿಡುತ್ತಿದ್ದರು. ಆಮೇಲೆ ಎಳೆಗೂಸಿಗೆ ನೀರು ಹಾಕುವವರು ಯಾರು? ಆ ಹುಡುಗಿಯರು ಕೂಸನ್ನು ಟವಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದರು. ನಮ್ಮ ರಸ್ತೆಯ ಕೂಸುಗಳಲ್ಲಿ ಮುಕ್ಕಾಲು ಪಾಲು ನನ್ನ ಕಾಲ ಮೇಲೆ ಮಲಗಿ ಎದ್ದವೇ. ಅದಕ್ಕೆ ನಾನು ವೀಳ್ಯದೆಲೆಯನ್ನೂ ತೆಗೆದುಕೊಂಡವಳಲ್ಲ. ಹೊಗಳಿಕೆ ಮಾತ್ರ ಎಷ್ಟು ಕೊಟ್ಟರೂ ಬೇಡ ಎನ್ನುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದವರು ನಮ್ಮ ಅತ್ತೆ. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿಕೊಂಡು ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಜೋಡಿಸಬೇಕು. ಎಣ್ಣೆ ತಿಕ್ಕಿದ ಕೂಸು ಆ ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಜಾರದೆ ಮಲಗುತ್ತದೆ. ನೀರಿನ ಹದ ನೋಡುವುದು ಮಾತ್ರ ಕೈಯಿಂದಲ್ಲ.

"ಕೈಯನ್ನ ನಂಬ್ಬೇಡ ಕಣೇ," ಎನ್ನುತ್ತಿದ್ದರು ಅತ್ತೆ. "ದಿನಾ ಒಲೆ ಮುಂದೆ ಬೇಯೋ ಕೈ ಅದು, ಅದಕ್ಕೇನು ಗೊತ್ತಾಗತ್ತೆ? ಮೊದಲ್ನೇ ಚೊಂಬು ನಿನ್ನ ಕಾಲಿಗೇ ಹುಯ್ಕೋ."

ನಮ್ಮ ಬಚ್ಚಲಲ್ಲಿ ಹಂಡೆ ಇದ್ದದ್ದು ಎಡಗಡೆ. ಬಿಸಿನೀರು ತೋಡಿ ಬೆರೆಸುವ ಬೋಗುಣಿಯೂ ಎಡಗಡೆ. ಹಾಗಾಗಿ ಮೊದಲ ಚೊಂಬು ಯಾವಾಗಲೂ ಎಡಗಾಲಿಗೆ. ಬಿಸಿ ಜಾಸ್ತಿಯಾಗಿದ್ದರೆ ಕಾಲು ತಾನಾಗಿಯೇ ಸೆಳೆದುಕೊಳ್ಳುತ್ತಿತ್ತು, ನಾನು ತಣ್ಣೀರು ಬೆರೆಸುತ್ತಿದ್ದೆ. ಕಾಲು ಸುಮ್ಮನಿದ್ದರೆ ನೀರು ಹದವಾಗಿದೆ ಎಂದೇ ಲೆಕ್ಕ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಒಂದು ಕೂಸಿಗೂ ನನ್ನ ಕೈಯಿಂದ ಬಿಸಿ ತಾಗಿದ್ದಿಲ್ಲ.

ಸೊಂಟ ಹೋದದ್ದು ನಲ್ಲಿಯ ಹತ್ತಿರ. ನೀರು ನಿಂತುಹೋಗುತ್ತದೆ ಎಂಬ ಆತುರದಲ್ಲಿ ತುಂಬಿದ ಕೊಳದಪ್ಪಲೆಯನ್ನು ಒಬ್ಬಳೇ ಎತ್ತಿದೆ. ಯಾರನ್ನಾದರೂ ಕರೆಯಬಹುದಿತ್ತು, ಆದರೆ ಕರೆಯುವ ಜಾಯಮಾನ ನನ್ನದಲ್ಲ. ಬೆನ್ನಿನ ಕೆಳಗೆ ಚಳಕು ಹೊಡೆಯಿತು. ನೋವು ತೊಡೆಯ ಹಿಂಬದಿಯಿಂದ ಇಳಿದು ಎಡ ಹಿಮ್ಮಡಿಯವರೆಗೆ ಹೋಯಿತು. ಎಣ್ಣೆ ಹಚ್ಚಿದರು, ಪಟ್ಟು ಹಾಕಿದರು, ಯಾರೋ ಮಂತ್ರಿಸಿದ ದಾರ ತಂದು ಸೊಂಟಕ್ಕೆ ಕಟ್ಟಿದರು. ನಾಲ್ಕು ತಿಂಗಳಲ್ಲಿ ಎದ್ದು ನಿಲ್ಲುವುದಕ್ಕೂ ಆಗದಂತಾಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಆಪರೇಷನ್ ಮಾಡಿದರು.

ನೋವು ಹೋಯಿತು, ಅದು ನಿಜ. ಹೊಲಿಗೆ ಬಿಚ್ಚಿದ ದಿನ ಕಾಲು ಮರಗಟ್ಟಿದ ಹಾಗಿದೆ ಎಂದು ಡಾಕ್ಟರಿಗೆ ಹೇಳಿದೆ.

"ನರ ತುಂಬಾ ದಿನ ಒತ್ತಿಕೊಂಡಿತ್ತಮ್ಮ. ಆರು ತಿಂಗಳಾಗಬಹುದು, ವರ್ಷ ಆಗಬಹುದು. ಕೆಲವರಿಗೆ ವಾಪಸ್ ಬರೋದೇ ಇಲ್ಲ," ಎಂದರು.

ಮೊದಲೆರಡು ಮಾತನ್ನು ನಾನು ಭದ್ರವಾಗಿ ಮನೆಗೆ ತಂದೆ. ಮೂರನೆಯದನ್ನು ಅಲ್ಲೇ ಬಿಟ್ಟುಬಂದೆ.

ಡಾಕ್ಟರು ನಡೆಯಬೇಕು ಎಂದಿದ್ದರಿಂದ ಶುಕ್ರವಾರ ಸಂಜೆ ನಾನೂ ನಮ್ಮ ಮನೆಯವರೂ ಹೊಲದ ದಾರಿಯಲ್ಲಿ ಬನಶಂಕರಿ ಗುಡಿಗೆ ಹೋಗಿಬರುತ್ತಿದ್ದೆವು. ಒಂದು ಸಲ ಮನೆಗೆ ಬಂದು ಜಗಲಿಯ ಮೇಲೆ ಕೂತಾಗ ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ಎಲ್ಲಿ ಕಳಚಿತೋ ಗೊತ್ತಿಲ್ಲ. ಅಂಗಾಲಿನಲ್ಲಿ ಎರಡು ಮುಳ್ಳು ಮುರಿದುಕೊಂಡಿದ್ದವು.

"ಏನೇ, ಒಂದು ಚಪ್ಪಲಿ ಅಮ್ಮನಿಗೆ ಕಾಣಿಕೆ ಹಾಕಿ ಬಂದ್ಯಾ?" ಎಂದು ಅವರು ನಕ್ಕರು. ನಗುನಗುತ್ತಲೇ ಮುಳ್ಳು ಕಿತ್ತರು. ಆಮೇಲೆ ಲಾಟೀನು ಹಿಡಿದು ಬಂದ ದಾರಿಯಲ್ಲೇ ಹುಡುಕಿಕೊಂಡು ಹೋದರು. ಮರುದಿನ ಆ ಚಪ್ಪಲಿಗೆ ಹಿಂದೆ ಪಟ್ಟಿ ಹೊಲಿಸಿ ತಂದುಕೊಟ್ಟರು. ಅಂದಿನಿಂದ ನಾನು ಕಾಲನ್ನು ನೋಡಿಕೊಂಡೇ ನಡೆಯುವುದನ್ನು ಕಲಿತೆ. ಎದುರಿಗೆ ಬಂದವರು ನನಗೆ ಸೊಕ್ಕು ಬಂದಿದೆ ಎಂದುಕೊಂಡರೂ ಅಂದುಕೊಳ್ಳಲಿ ಎಂದು ಸುಮ್ಮನಾದೆ.

ಭಾನುವಾರ ಎಣ್ಣೆನೀರಿಗೆ ಮುಂಚೆ ಅವರು ನನ್ನ ಕಾಲಿಗೆ ಪರೀಕ್ಷೆ ನಡೆಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಳ್ಳಬೇಕು, ಅವರು ಪೊರಕೆಕಡ್ಡಿಯ ತುದಿಯಿಂದ ಅಲ್ಲಲ್ಲಿ ಮುಟ್ಟಬೇಕು.

"ಈಗ?"

"ಇಲ್ಲ."

"ಈಗ?"

"ಇಲ್ಲಾ ರೀ."

ಪ್ರತಿ ಸಲ ಇಲ್ಲ ಎಂದಾಗಲೂ ಅವರ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು. ಅದನ್ನು ಕೇಳಲಾಗುತ್ತಿರಲಿಲ್ಲ. ಕಡ್ಡಿ ಮುಟ್ಟಿಸುವ ಗಳಿಗೆಯಲ್ಲಿ ಅವರು ಉಸಿರು ಬಿಗಿಹಿಡಿಯುತ್ತಾರೆ ಎಂಬುದನ್ನು ನಾನು ಕೆಲವು ವಾರದಲ್ಲೇ ಕಂಡುಕೊಂಡಿದ್ದೆ. ಉಸಿರು ನಿಂತಿತೆಂದರೆ ಕಡ್ಡಿ ತಾಗಿತೆಂದು ಅರ್ಥ.

ಆ ಹೊತ್ತಿಗೆ ತುಮಕೂರಿನಿಂದ ನನ್ನ ಬೀಗಿತ್ತಿಯ ಕಾಗದ ಬಂತು. ನಮಗಿದ್ದದ್ದು ಒಬ್ಬಳೇ ಮಗಳು, ಅವಳನ್ನು ಆ ಮನೆಗೆ ಕೊಟ್ಟಿದ್ದೆವು. ಅವಳು ಆಗ ಐದು ತಿಂಗಳ ಬಸುರಿ. "ನಿಮಗೆ ಆಪರೇಷನ್ ಆಗಿ ವರ್ಷ ತುಂಬಿಲ್ಲ. ಈ ಬಾಣಂತನ ನಮ್ಮಲ್ಲೇ ಆಗಲಿ, ತಪ್ಪು ತಿಳಿಯಬೇಡಿ" ಎಂದು ಬರೆದಿದ್ದರು. ನಾನು ತಪ್ಪು ತಿಳಿದೆ. ಚೊಚ್ಚಲ ಹೆರಿಗೆ ತವರಿನಲ್ಲಾಗದೆ ಇನ್ನೆಲ್ಲಾಗಬೇಕು? ಕಂಡವರ ಕೂಸುಗಳಿಗೆಲ್ಲ ನೀರು ಹಾಕಿದವಳು ಸ್ವಂತ ಮಗಳ ಕೂಸಿಗೆ ಹಾಕಲಾರಳು ಎಂದರೆ ನಾನು ಇದ್ದೂ ಏನು ಪ್ರಯೋಜನ? ಆ ಆಸೆ ನನಗೆ ಎಷ್ಟಿತ್ತೆಂದರೆ, ಆಸ್ಪತ್ರೆಯ ಮಂಚದ ಮೇಲೆ ಬೋರಲು ಮಲಗಿದ್ದಾಗಲೂ ನಾನು ಬೇಡಿಕೊಂಡದ್ದು ಅದೊಂದನ್ನೇ.

ಮುಂದಿನ ಭಾನುವಾರ ಅವರು ಕಡ್ಡಿ ಹಿಡಿದು ಕೂತರು. ಉಸಿರು ನಿಂತಿತು.

"ಈಗ?"

"ಹೂಂ," ಎಂದೆ. "ಅಲ್ಲಿ ಏನೋ ತಾಗಿದ ಹಾಗಾಯ್ತು."

ಅವರು ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋಗಿ ಎರಡು ಮೊಳ ಮಲ್ಲಿಗೆ ಹೂ ತಂದರು. ನಾನು ಆ ಹೂ ಮುಡಿದುಕೊಂಡೇ ತುಮಕೂರಿಗೆ ಕಾಗದ ಬರೆದೆ. ನನ್ನ ಕಾಲು ಮೊದಲಿನಂತೆಯೇ ಇದೆ, ಏಳನೇ ತಿಂಗಳಲ್ಲಿ ಹುಡುಗಿಯನ್ನು ಕಳಿಸಿಕೊಡಿ.

ಮಗಳು ಬಂದಳು. ಪುಷ್ಯದ ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳು ಬೀಳುವವರೆಗೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆವು. ಕಾಲ ಮೇಲೆ ಹಾಕಿಕೊಂಡು ಮೊದಲ ನೀರು ಹಾಕುವುದು ನಾಮಕರಣದ ಬೆಳಿಗ್ಗೆ ಎಂದು ನಿಶ್ಚಯವಾಗಿತ್ತು. ನಾನೇನು ಬುದ್ಧಿಯಿಲ್ಲದವಳಲ್ಲ. ಮೊದಲ ಚೊಂಬನ್ನು ಬಲಗಾಲಿಗೆ ಹುಯ್ದುಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಬಲಗಾಲು, ಬಲಗಾಲು.

ಬೀಗಿತ್ತಿ ಹಿಂದಿನ ರಾತ್ರಿಯೇ ಬಂದಿಳಿದಿದ್ದರು. ಬೆಳಿಗ್ಗೆ ಅವರು ಎಣ್ಣೆ ಹಚ್ಚಿದ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಬಂದರು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಮಣೆಯ ಮೇಲೆ ಕೂತು ಕಾಲು ಚಾಚಿದೆ. ಒಂದೂವರೆ ವರ್ಷದ ಮೇಲೆ ಆ ಮಣೆಯ ಮೇಲೆ ಕೂತದ್ದು. ಕೂಸು ನನ್ನ ಕಡೆ ನೋಡಿ ಬಾಯಿ ಸೊಟ್ಟ ಮಾಡಿತು, ಥೇಟು ನನ್ನ ಮಗಳು ಕೂಸಾಗಿದ್ದಾಗ ಮಾಡುತ್ತಿದ್ದ ಹಾಗೆ. ನನಗೆ ಉಕ್ಕಿ ಬಂತು. ಆ ಸಂತೋಷದಲ್ಲಿ ಕೈ ತನ್ನ ಪಾಡಿಗೆ ತಾನು ಎಡಗಡೆಯ ಬೋಗುಣಿಯಲ್ಲಿ ಚೊಂಬು ಅದ್ದಿತು, ಎಡಗಾಲಿನ ಮೇಲೆ ಸುರಿಯಿತು.

ಕಾಲು ಸುಮ್ಮನಿತ್ತು.

"ಹದವಾಗಿದೆ, ಕೊಡಿ ಮಗೂನ," ಎಂದೆ.

ಚಳಿಗೆ ಬಚ್ಚಲೆಲ್ಲ ಹಬೆ ಕವಿದಿತ್ತು, ಬೆಚ್ಚಗಿನ ನೀರಿಗೂ ಆ ದಿನ ಹೊಗೆಯಾಡುತ್ತಿತ್ತು. ಬೀಗಿತ್ತಿ ಬಗ್ಗಿ ಕೂಸನ್ನು ನನ್ನ ಕಾಲುಗಳ ನಡುವೆ ಮಲಗಿಸಿದರು. ನಾನು ಎರಡನೆಯ ಚೊಂಬು ಎತ್ತಿದೆ.

"ಬೀಗ್ರೇ, ತಡೀರಿ! ನಿಮ್ಮ ಕಾಲು! ಕಾಲು ನೋಡಿ!"

ನೋಡಿದೆ. ಮೊಣಕಾಲಿನಿಂದ ಪಾದದವರೆಗೆ ಕೆಂಪಗೆ ಬೆಂದಿತ್ತು. ಚೊಂಬನ್ನು ತಟ್ಟನೆ ಆಚೆಗೆ ಸೆಳೆದೆ. ನಾಲ್ಕು ಹನಿ ಕೂಸಿನ ಹಿಮ್ಮಡಿಯ ಮೇಲೆ ಬಿದ್ದವು. ಅಷ್ಟೂ ಕೂಸುಗಳಿಗೆ ನೀರು ಹಾಕಿದ ನಾನು ಅಂಥ ಚೀರಾಟವನ್ನು ಕೇಳಿರಲಿಲ್ಲ. ಮಗಳು ಹಸಿ ಬಾಣಂತಿ ಎಂಬುದನ್ನೂ ಮರೆತು ನೀರಿನೊಳಗೆ ನುಗ್ಗಿ ಕೂಸನ್ನು ಬಾಚಿಕೊಂಡಳು.

ಕೂಸಿನ ಬಲ ಹಿಮ್ಮಡಿಯಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪಾಗಿತ್ತು. ವಾರದಲ್ಲಿ ಮಾಯವಾಯಿತು, ಕಲೆಯೂ ಉಳಿಯಲಿಲ್ಲ. ಆ ಎರಡನೆಯ ಚೊಂಬು ಪೂರ್ತಿ ಬಿದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ನನ್ನ ಕಾಲಿನ ಬೊಬ್ಬೆ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಒಂದಿಷ್ಟಾದರೂ ನೋಯಲಿ ಎಂದು ನಾನು ಬೇಡಿಕೊಂಡೆ. ನೋಯಲಿಲ್ಲ.

ಮಗಳು ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳುತ್ತಿದ್ದೆನೋ ಏನೋ. ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದವಳು ಇಷ್ಟೇ ಕೇಳಿದಳು:

"ನನ್ಹತ್ರನಾದ್ರೂ ಹೇಳ್ಬಾರ್ದಿತ್ತಾಮ್ಮ?"

ನಮ್ಮ ಮನೆಯವರು ಬಂದು ನನ್ನ ಕಾಲಿಗೆ ಮುಲಾಮು ಹಚ್ಚುತ್ತ ಕೂತರು. "ಭಾನುವಾರ ಭಾನುವಾರ ಹೂಂ ಅಂತಿದ್ಯಲ್ಲೇ," ಎಂದರು.

"ನೀವು ಉಸಿರು ಹಿಡೀತಿದ್ರಿ. ಅದು ಕೇಳಿಸ್ತಿತ್ತು."

ಆಮೇಲೆ ಅವರು ಬದುಕಿರುವವರೆಗೂ ಪೊರಕೆಕಡ್ಡಿ ಹಿಡಿದು ನನ್ನ ಕಾಲ ಬಳಿ ಕೂರಲಿಲ್ಲ. ಗಂಡನಿಗೆ ನಾನು ಮಾಡಿದ ಅನ್ಯಾಯವೆಂದರೆ ಆ ಮಲ್ಲಿಗೆ ಹೂವು. ಈಗಲೂ ಮಲ್ಲಿಗೆ ಕಂಡರೆ ಮುಖ ತಿರುಗಿಸುತ್ತೇನೆ.

ಬೀಗಿತ್ತಿ ಹಿಂತಿರುಗಿ ಹೋಗಲಿಲ್ಲ. ಮೂರು ತಿಂಗಳು ನಮ್ಮ ಮನೆಯಲ್ಲೇ ಉಳಿದು, ನನ್ನ ಮಣೆಯ ಮೇಲೆ ಕೂತು, ನನ್ನ ಮೊಮ್ಮಗಳಿಗೆ ನೀರು ಹಾಕಿದರು. ಒಂದು ಕೊಂಕು ಮಾತು ಆಡಲಿಲ್ಲ. ಆಡಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ನಾನು ಬಚ್ಚಲೊಲೆಗೆ ಸೌದೆ ತುರುಕಿ ಬಾಗಿಲಾಚೆ ಕೂತಿರುತ್ತಿದ್ದೆ. ಅವರು ನೀರು ಹಾಕುವ ರೀತಿ ನನಗೆ ಒಂದು ದಿನವೂ ಹಿಡಿಸಲಿಲ್ಲ. ನೆತ್ತಿಗೆ ಎಣ್ಣೆ ಸಾಲದು, ಕತ್ತಿನ ಸಂದಿ ತಿಕ್ಕುವುದಿಲ್ಲ. ಹೇಳುವ ಹಕ್ಕು ಹೋಗಿತ್ತು, ನುಂಗಿಕೊಂಡೆ. ನನ್ನ ಸೊಂಟ ಸರಿಹೋಗಲಿ ಎಂದು ಕಾದಿದ್ದ ರಸ್ತೆಯ ಹುಡುಗಿಯರೂ ಮತ್ತೆ ಟವಲಿನಲ್ಲಿ ಕೂಸು ಸುತ್ತಿಕೊಂಡು ಬರಲೇ ಇಲ್ಲ. ಅವರಿಗೆ ಯಾರು ಹೇಳಿದರೋ ನಾನು ಕೇಳಲಿಲ್ಲ.

ಅವರೆಲ್ಲ ತುಮಕೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಜಗಲಿಯ ಎಳೆಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದೆ. ಮಗಳು ಒಳಗಿನಿಂದ ಕೂಸನ್ನು ತಂದಳು. ನಾನು ಕೇಳಿರಲಿಲ್ಲ. ಅವಳೇ ನನ್ನ ಸೀರೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಎರಡೂ ಕಾಲನ್ನು ಜೋಡಿಸಿ, ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿದಳು. ನೀರಿಲ್ಲ, ಎಣ್ಣೆಯಿಲ್ಲ, ಬಿಸಿಲಷ್ಟೇ.

"ಭಾರ ಗೊತ್ತಾಗತ್ತಾಮ್ಮ?" ಎಂದಳು.

ಪೂರ್ತಿ ಗೊತ್ತಾಗುತ್ತದೆ ಎನ್ನಲು ಬಾಯಿ ತೆರೆದೆ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ಅರ್ಧ ಗೊತ್ತಾಗತ್ತೆ ಕಣೇ," ಎಂದೆ.

ಮಗಳು ಬಗ್ಗಿ ಕೂಸನ್ನು ಮೆಲ್ಲಗೆ ಎತ್ತಿ ಪೂರ್ತಿಯಾಗಿ ನನ್ನ ಬಲಗಾಲಿನ ಮೇಲೆ ಸರಿಸಿದಳು, ಬೀಳದಂತೆ ಆ ಪಕ್ಕ ತನ್ನ ಕೈ ಅಡ್ಡ ಹಿಡಿದಳು. ಆಗ ಮೊಮ್ಮಗಳ ಭಾರವೆಲ್ಲ ನನಗೆ ಬಂತು, ಮೈಯ ಬಿಸುಪೂ ಬಂತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಕೂಸಿಗೆ ಬಿಸಿಲು ಹಿತವಾಗಿತ್ತು. ಕೈಕಾಲು ಆಡಿಸುತ್ತ, ಸುಟ್ಟಿದ್ದ ಆ ಹಿಮ್ಮಡಿಯಿಂದಲೇ ನನ್ನ ಎಡಗಾಲನ್ನು ಒದೆಯತೊಡಗಿತು. ಅದು ಒದೆಯುವುದನ್ನು ನಾನು ಕಣ್ಣಿನಿಂದ ನೋಡುತ್ತ ಕೂತೆ.