ಉಪ್ಪಿಲ್ಲದ ಮೀನುಸಾರು

ಕಾರವಾರ ಬಂದರಿನ ಹತ್ತಿರದ ಬೈತಖೋಲದ ನಮ್ಮ ಮನೆಯಲ್ಲಿ ಉಪ್ಪನ್ನು ಯಾರೂ ಅಡುಗೆಯ ಸಾಮಾನು ಎಂದು ಎಣಿಸುತ್ತಿರಲಿಲ್ಲ. ನೀರು ಇದ್ದ ಹಾಗೆ ಅದೂ ಇರುತ್ತಿತ್ತು. ಹಿತ್ತಿಲ ಮಾಡಿನ ಕೆಳಗೆ ಗೋಣಿಚೀಲದಲ್ಲಿ ಹರಳುಪ್ಪು, ಒಲೆಯ ಪಕ್ಕ ಮರದ ಮರಿಗೆ ತುಂಬ ಉಪ್ಪು, ಅಂಗಳದಲ್ಲಿ ಉಪ್ಪು ಸವರಿ ಒಣಗಲು ಹಾಕಿದ ಬಂಗಡೆ. ಗಂಡ ಬೋಟಿನಿಂದ ಬಂದರೆ ಅಂಗಿಯ ಮೇಲೂ ಉಪ್ಪಿನ ಬಿಳಿ ಗೆರೆ. ಅಂಥ ಮನೆಯ ಹುಡುಗಿಗೆ ಡಾಕ್ಟರು ಉಪ್ಪು ಮುಟ್ಟಿಸಬೇಡಿ ಅಂದರು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದೀತು. ಮಗಳು ಒಂದನೇ ಇಯತ್ತೆ. ಒಂದು ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ರೆಪ್ಪೆ ಉಬ್ಬಿತ್ತು. ಏನೋ ಹುಳ ಕಚ್ಚಿದೆ ಅಂದುಕೊಂಡೆವು. ಆಮೇಲೆ ಕೆನ್ನೆ ತುಂಬಿಕೊಂಡಿತು, ಕೈಕಾಲು ದುಂಡಗಾದವು. ಅತ್ತೆಗೆ ಖುಷಿಯೋ ಖುಷಿ. ಕಡ್ಡಿಯಂತಿದ್ದ ಮೊಮ್ಮಗಳು ಮೈಕೈ ತುಂಬಿಕೊಂಡಳೆಂದು ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತಲ್ಲೆಲ್ಲ ಹೇಳಿಕೊಂಡು ಬಂದರು, ದೃಷ್ಟಿ ತಾಗೀತೆಂದು ಸಂಜೆ ನಿವಾಳಿಸಿಯೂ ಹಾಕಿದರು. ನನಗೂ ಒಳಗೊಳಗೆ ಹೆಮ್ಮೆಯೇ. ಒಂದು ದಿನ ಶಾಲೆಯಿಂದ ಬಂದವಳ ಕಾಲುಚೀಲ ತೆಗೆದರೆ ಅದರ ಅಂಚು ಕೂತಲ್ಲಿ ಕಾಲಿನ ಸುತ್ತ ಕುಳಿ ಬಿದ್ದಿತ್ತು. ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಗುಂಡಿ ಹಾಗೇ ಉಳಿಯಿತು. ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಾರವಾರದ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಮೂತ್ರಪಿಂಡದ ಕಾಯಿಲೆ ಅಂದರು. ಮೈಗೆ ಬೇಕಾದ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತದೆ, ನೀರು ಮೈಯಲ್ಲೇ ನಿಲ್ಲುತ್ತದೆ, ಉಪ್ಪು ತಿಂದಷ್ಟೂ ಊತ ಹೆಚ್ಚುತ್ತದೆ ಎಂದು ಬಿಡಿಸಿ ಹೇಳಿದರು. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿ ಯಾವುದೂ ಕೂಡದು. ಅನ್ನಕ್ಕೂ ಸಾರಿಗೂ ಉಪ್ಪಿಲ್ಲ. ಅದರ ಮೇಲೆ ಕೊಟ್ಟ ಮಾತ್ರೆಗಳಿಗೋ ರಾಕ್ಷಸ ಹಸಿವೆ. ಉಂಡು ಕೈ ತೊಳೆದ ಹುಡುಗಿ ಮತ್ತೆ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಹಸಿವೆ ಕೊಟ್ಟು ರುಚಿ ಕಿತ್ತುಕೊಳ್ಳುವ ಇಂಥ ಕಾಯಿಲೆಯನ್ನು ನಾನು ಇವತ್ತಿಗೂ ಶಪಿಸುತ್ತೇನೆ.

ಎರಡು ಪಾತ್ರೆ ಇಡಬಾರದೆಂದು ನಾನೇ ತೀರ್ಮಾನ ಮಾಡಿದೆ. ನಮಗೊಂದು ಸಾರು, ಅವಳಿಗೊಂದು ಸಾರು ಎಂದರೆ ಮಗು ಎದುರು ಕೂತು ನಮ್ಮ ತಟ್ಟೆಯನ್ನೇ ನೋಡುತ್ತದೆ. ಇಡೀ ಮನೆಗೆ ಒಂದೇ ಅಡುಗೆ, ಅದಕ್ಕೆ ಉಪ್ಪಿಲ್ಲ. ಬೇಕಾದವರು ಅಡುಗೆಮನೆಯೊಳಗೆ ಹೋಗಿ ತಟ್ಟೆಗೆ ಹಾಕಿಕೊಂಡು ಬರಬೇಕು. ಬೋಟಿನಲ್ಲಿ ರಾತ್ರಿಯಿಡೀ ಬಲೆ ಎಳೆದು ಬಂದ ಇವರು ಮೊದಲ ದಿನ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಗೋಡೆ ನೋಡಿದರು. ಆಮೇಲೆ ಹಾಗೇ ಉಂಡೆದ್ದರು. ಅಂಗಳದ ಒಣಮೀನು ಪಕ್ಕದ ಮನೆಗೆ ಹೋಯಿತು, ಭರಣಿಯ ಉಪ್ಪಿನಕಾಯಿಯೂ ಅದರ ಹಿಂದೆಯೇ ಹೋಯಿತು. ನೋಡಲು ಬಂದ ನೆಂಟರು ಮಾತ್ರ ಬುದ್ಧಿ ಕಲಿಯಲಿಲ್ಲ. ಬೊಬ್ರುವಾಡದ ನನ್ನ ತವರಿನವರು ಬಂದಾಗಲೆಲ್ಲ ಖಾರಾ ಬಿಸ್ಕೀಟಿನ ಪ್ಯಾಕೆಟ್ಟು ತರುತ್ತಿದ್ದರು. ಒಂದು ತಿಂದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ನಾನು ಪ್ಯಾಕೆಟ್ಟನ್ನು ಅವರ ಚೀಲಕ್ಕೇ ವಾಪಸು ತುರುಕಿ ಕಳಿಸುತ್ತಿದ್ದೆ. ನನ್ನ ಬಾಯಿ ಹರುಕು ಎಂಬ ಹೆಸರು ಆಗ ಬಂದದ್ದು, ಇನ್ನೂ ಹೋಗಿಲ್ಲ.

ಉಪ್ಪಿಲ್ಲದ ಮೀನು ಬಾಯಲ್ಲಿ ಹತ್ತಿಯ ಹಾಗೆ. ಅದನ್ನು ಮಗುವಿನ ಗಂಟಲಲ್ಲಿ ಇಳಿಸಲು ನನಗೆ ಸಿಕ್ಕಿದ ಒಂದೇ ದಾರಿ ಹುಳಿ. ನಮ್ಮ ಕಡೆ ಬಂಗಡೆ ಸಾರಿಗೆ ಮುರುಗಲ ಸಿಪ್ಪೆ ಹಾಕುತ್ತಾರೆ. ಬೇಸಿಗೆಯಲ್ಲಿ ಕೆಂಪು ಮುರುಗಲ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿ ಕಪ್ಪಾದ ಮೇಲೆ ವರ್ಷಕ್ಕಾಗುವಷ್ಟು ಭರಣಿ ತುಂಬಿಡುವುದು ಅತ್ತೆಯ ಕೆಲಸ. ನಾಲ್ಕು ಹಾಕುವಲ್ಲಿ ನಾನು ಹಿಡಿ ತುಂಬ ಹಾಕಿದೆ. ತೆಂಗಿನಕಾಯಿ, ಕೆಂಪು ಮೆಣಸು, ಮೀನಿಗೆ ಹಾಕುವ ಒಂದಿಷ್ಟು ತಿರಫಲದ ಕಾಳು, ಮೇಲೆ ಧಾರಾಳ ಮುರುಗಲು. ಪವಾಡದಂತೆ ಸಾರಿಗೆ ಜೀವ ಬಂತು. ಮಗಳು ಮೀನು ಬಿಟ್ಟು ಸಾರನ್ನೇ ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿಯತೊಡಗಿದಳು. ಸಾರಿನಲ್ಲಿ ಬೆಂದ ಸಿಪ್ಪೆಯನ್ನು ಚೀಪಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ನನ್ನ ಕೈಗುಣಕ್ಕೆ ನಾನೇ ಮೆಚ್ಚಿಕೊಂಡೆ. ಅತ್ತೆ ತುತ್ತು ಮಾಡಿ ಉಣಿಸುವರು, ಹುಡುಗಿ ಉಣ್ಣುವಳು. ಅಷ್ಟು ದಿನಗಳಲ್ಲಿ ಮನೆಯಲ್ಲಿ ನೆಮ್ಮದಿ ಎಂದರೆ ಆ ಊಟದ ಹೊತ್ತೇ.

ಊತ ಮಾತ್ರ ಇಳಿಯಲಿಲ್ಲ. ಮಾತ್ರೆಗೆ ಸ್ವಲ್ಪ ತಗ್ಗುವುದು, ಮತ್ತೆ ಏರುವುದು. ದಿನಾ ಬೆಳಿಗ್ಗೆ ಅವಳ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ ನೋಡಬೇಕಿತ್ತು. ತಿಳಿಯಾಗಿದ್ದರೆ ಒಳ್ಳೆಯದು, ಬಿಳಿಗಟ್ಟಿದರೆ ಕೆಟ್ಟದ್ದು. ಅದು ತಿಳಿಯಾಗಿದ್ದ ದಿನಗಳಲ್ಲೂ ಅವಳ ಕಾಲು ಭಾರವಾಗಿರುತ್ತಿತ್ತು, ಹೊಟ್ಟೆ ಮುಂದೆ ಬಂದಿರುತ್ತಿತ್ತು. ಮಂಗಳೂರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ, ಉಪ್ಪು ಕೊಡುತ್ತಿದ್ದೀರಾ. ಒಂದು ಹರಳೂ ಇಲ್ಲ ಎಂದು ದೇವರ ಆಣೆ ಹಾಕಿ ಹೇಳಿದೆ. ಡಾಕ್ಟರು ನನ್ನ ಮುಖ ನೋಡಿದರು, ಬೈಯಲಿಲ್ಲ. ನಂಬಲೂ ಇಲ್ಲ ಎಂದು ಗೊತ್ತಾಯಿತು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಊರಿಗೆ ಬರುವ ಬಸ್ಸಿನಲ್ಲಿ ಇವರ ತಲೆಗೆ ಹುಳ ಹೊಕ್ಕಿತು. ಅಜ್ಜಿ ಮೊಮ್ಮಗಳ ಮೇಲಿನ ಮಾಯೆಗೆ ಪೇಟೆಯಿಂದ ಒಣಮೀನಿನ ತುಂಡು ತಂದು ಕದ್ದು ಕೊಡುತ್ತಾರೆ ಎಂದು. ನಾನು ಸುಮ್ಮನಿರುವ ಹೆಂಗಸಲ್ಲ. ಇಡೀ ದಿನ ಅಡುಗೆಮನೆಯಲ್ಲಿ ಇರುವವಳು ನಾನು, ನನ್ನ ಕಣ್ಣು ತಪ್ಪಿಸಿ ಅಲ್ಲಿ ಇರುವೆ ಕೂಡ ಹೋಗುವುದಿಲ್ಲ ಎಂದು ಜಗಳ ಆಡಿದೆ. ಹಾಗಾದರೆ ಉಪ್ಪು ಎಲ್ಲಿಂದ ಬಂತು ಎಂದು ಕೇಳಿದರು. ಮನೆ ಮುಟ್ಟಿದ ಕೂಡಲೇ ಜಗಲಿಯಲ್ಲೇ ನಿಂತು ತಾಯಿಗೆ ಹೇಳಿದರು: "ಆಯಿ, ಇನ್ಮೇಲೆ ನೀನು ಅವಳಿಗೆ ಉಣ್ಸೂದು ಬ್ಯಾಡ."

ಯಾಕೆಂದು ಅತ್ತೆಗೆ ಕೇಳದೆಯೇ ಅರ್ಥವಾಗಿತ್ತು. ಬಾಯಿ ಜೋರಿದ್ದ, ಪೇಟೆಯಲ್ಲಿ ಗಿರಾಕಿಗಳ ನೀರಿಳಿಸುತ್ತಿದ್ದ ಹೆಂಗಸು ಆವತ್ತಿನಿಂದ ಊಟದ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗಿ ಕೂರತೊಡಗಿದರು. ಮಗಳು ಅಜ್ಜಿ ಬೇಕು ಎಂದು ರಂಪ ಮಾಡಿದಳು, ಆಮೇಲೆ ರೂಢಿ ಮಾಡಿಕೊಂಡಳು. ಊತ ಆಗಲೂ ಇಳಿಯಲಿಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಅಭ್ಯಾಸ ಈ ಮನೆಯ ಗಂಡಸರಿಗೆ ಇಲ್ಲ.

ಮೇ ತಿಂಗಳು ಬಂತು. ಶೆಟಗೇರಿಯ ಪರಿಚಯದವರ ಹಿತ್ತಿಲಿಂದ ಬುಟ್ಟಿ ತುಂಬ ಮುರುಗಲ ಹಣ್ಣು ಬಂದಿತ್ತು. ಅತ್ತೆ ಅಂಗಳದಲ್ಲಿ ಕಾಲು ಚಾಚಿ ಕೂತು ಹಣ್ಣು ಸೀಳಿ ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಮಾಡುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಬೀಜ ಚೀಪುತ್ತಿದ್ದಳು. ನಾನು ಬಟ್ಟೆ ಒಣಹಾಕಲು ಹೊರಗೆ ಬಂದೆ. ಅತ್ತೆ ಸಿಪ್ಪೆಯನ್ನೆಲ್ಲ ದೊಡ್ಡ ಬೋಗುಣಿಗೆ ಹಾಕಿ, ಗೋಣಿಚೀಲಕ್ಕೆ ಕೈ ಹಾಕಿ, ಹಿಡಿ ಹಿಡಿಯಾಗಿ ಹರಳುಪ್ಪು ತೆಗೆದು ಅದರ ಮೇಲೆ ಸುರಿದರು. ಎರಡೂ ಕೈಯಿಂದ ತಿಕ್ಕಿದರು. ಹುಳ ಬೀಳಬಾರದು, ಮಳೆಗಾಲದಲ್ಲಿ ಬೂಸು ಹಿಡಿಯಬಾರದು ಎಂದು ಎಲ್ಲರೂ ಮಾಡುವುದೇ ಹಾಗೆ. ನಾನು ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸಿಗೆ ನೋಡಿದ್ದೆ. ತವರಿನಲ್ಲಿ ನಾನೇ ತಿಕ್ಕಿದ್ದೆ. ನಮ್ಮ ಲೆಕ್ಕದಲ್ಲಿ ಮುರುಗಲು ಎಂದರೆ ಹುಳಿ. ಅದು ಉಪ್ಪಿನ ಲೆಕ್ಕಕ್ಕೆ ಯಾವತ್ತೂ ಬಂದಿರಲೇ ಇಲ್ಲ.

ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು. ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಅವರೇ ಅಂದರು: "ಕದ್ದು ಕೊಟ್ಟಿದ್ರೆ ಒಂದ್ ತುಂಡು ಕೊಡ್ತಿದ್ದೆ. ಇದು ದಿನಾ ಕೊಟ್ಟ ಹಾಂಗೆ ಆಯ್ತಲ್ಲೆ."

ಭರಣಿಯಲ್ಲಿದ್ದದ್ದನ್ನೂ ಬೋಗುಣಿಯಲ್ಲಿದ್ದದ್ದನ್ನೂ ಅವರೇ ಹೊತ್ತುಕೊಂಡು ಹೋಗಿ ಬೋಟು ನಿಲ್ಲುವ ಧಕ್ಕೆಯಿಂದ ಸಮುದ್ರಕ್ಕೆ ಸುರಿದು ಬಂದರು. ಇವರು ಸುದ್ದಿ ಕೇಳಿ ತಾಯಿಯ ಎದುರು ನಿಲ್ಲಲಾರದೆ ಬೋಟಿಗೆ ಹೋದರು. ಮರುದಿನ ತಂದ ಮೀನಿನಲ್ಲಿ ಒಳ್ಳೆಯ ನೊಗಲಿ ಆರಿಸಿ ಅತ್ತೆಯ ಮುಂದಿಟ್ಟರು. ಕ್ಷಮೆ ಎಂದರೆ ಅಷ್ಟೇ. ಅತ್ತೆ ಅದನ್ನು ತೊಳೆದು ನನ್ನ ಕೈಗೆ ಕೊಟ್ಟರು. ಉಣಿಸಲು ಬನ್ನಿ ಎಂದು ನಾನು ಕರೆದೆ. ಬಂದು ಕೂತರು, ಆದರೆ ತುತ್ತು ಹಿಡಿದ ಕೈ ಮಗುವಿನ ಬಾಯಿಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಇದರಲ್ಲಿ ಇನ್ನೇನೂ ಇಲ್ಲವಲ್ಲ ಎಂದು ಪ್ರತಿ ಸಲ ನನ್ನನ್ನು ಕೇಳುತ್ತಿದ್ದರು.

ಆಮೇಲೆ ಸಾರಿನ ಹುಳಿಗೆ ಹಸಿ ಮಾವಿನಕಾಯಿ, ಅದು ಮುಗಿದ ಮೇಲೆ ಬಿಂಬಲಕಾಯಿ. ಉಪ್ಪು ಕಲಸಿ ಉಂಡೆ ಕಟ್ಟಿದ ಹುಣಸೆಯೂ ಮನೆಯಿಂದ ಹೊರಗೆ ಹೋಯಿತು. ಹೊಸ ಹುಳಿಯ ಸಾರು ಮಗಳಿಗೆ ಸೇರಲಿಲ್ಲ. ಮೊದಲಿನ ಸಾರು ಯಾಕೆ ಮಾಡುವುದಿಲ್ಲ ಎಂದು ಅಳುತ್ತಿದ್ದಳು. ಆದರೆ ಊತ ಇಳಿಯಿತು. ಕಾಲಿನ ಗಂಟು ಕಂಡಿತು, ಫ್ರಾಕು ಸಡಿಲವಾಯಿತು. ಮಳೆಗಾಲ ಕಳೆದು ಶಾಲೆಗೂ ಹೋದಳು. ಮಂಗಳೂರಿನ ಡಾಕ್ಟರಿಗೆ ಮುರುಗಲ ಕಥೆ ಹೇಳಿದಾಗ, ಉಪ್ಪಿನಿಂದ ಊತ ಹೆಚ್ಚಾಗಿದೆ ಅಷ್ಟೇ, ಕಾಯಿಲೆ ಬಂದದ್ದು ಅದರಿಂದ ಅಲ್ಲ, ಅದರ ದಾರಿ ಅದಕ್ಕೆ ಬೇರೆಯೇ ಇದೆ ಅಂದರು. ಸಮಾಧಾನಕ್ಕೆ ಹೇಳಿದರೋ ನಿಜವನ್ನೇ ಹೇಳಿದರೋ. ಅತ್ತೆಗೆ ನಾನು ಅದನ್ನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಎದ್ದುಹೋಗುತ್ತಿದ್ದರು.

ಕಾಯಿಲೆ ತನ್ನ ದಾರಿ ಬಿಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಕೊಳವೆಯ ನೀರು ಮತ್ತೆ ಬಿಳಿಗಟ್ಟಿತು. ಮಾತ್ರೆ ತಾಗಲಿಲ್ಲ. ಜ್ವರ ಬಂತು, ಹೊಟ್ಟೆ ಕಲ್ಲಿನಂತಾಯಿತು, ಒಳಗೆ ಕೀವಾಗಿದೆ ಅಂದರು. ಆಸ್ಪತ್ರೆಯಲ್ಲಿ ಅವಳು ಊಟ ಕೇಳಲೇ ಇಲ್ಲ. ಅಷ್ಟು ಹಸಿದ ಹುಡುಗಿ ಹಸಿವೆ ಇಲ್ಲದೆ ಹೋದಳು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಅದೇ ವರ್ಷ ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಬಂತು. ತೀರಿಕೊಂಡವರ ಹೆಸರಿನಲ್ಲಿ ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಮಾವನಿಗೆ, ಮಾವನ ತಂದೆಗೆ ಒಂದೊಂದು ಎಲೆ. ಎರಡನೇ ಇಯತ್ತೆ ಮುಗಿಸಿದ ಹುಡುಗಿಯೂ ಹಿರಿಯರ ಸಾಲಿಗೆ ಸೇರಿದ್ದಳು. ಇವರು ಬೆಳಿಗ್ಗೆಯೇ ಬಂಗಡೆ ತಂದಿಟ್ಟಿದ್ದರು. ಅತ್ತೆ ಪಕ್ಕದ ಮನೆಯಿಂದ ಮುರುಗಲ ಸಿಪ್ಪೆ ಇಸಿದುಕೊಂಡು ಬಂದಿದ್ದರು. ಸಾರು ಕುದಿಯುತ್ತಿತ್ತು. ಅತ್ತೆ ಉಪ್ಪಿನ ಮರಿಗೆ ಹಿಡಿದು ನನ್ನ ಪಕ್ಕದಲ್ಲಿ ನಿಂತರು.

"ಉಪ್ಪು ಹಾಕೂದಾ?" ಎಂದು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಇವರು ಬೇರೆ ಕಡೆ ತಿರುಗಿದರು. ನಾನು ಮರಿಗೆಗೆ ಕೈ ಹಾಕಿದೆ. ಎಷ್ಟು ತೆಗೆಯಬೇಕೆಂದು ಕೈಗೆ ಮರೆತುಹೋಗಿತ್ತು. ಎಡೆಯ ಅಡುಗೆಯ ರುಚಿ ನೋಡುವ ಹಾಗಿಲ್ಲ, ಕಣ್ಣಂದಾಜಿನಲ್ಲಿ ಹಾಕಿದೆ. ಇಷ್ಟು ಸಾಕಾ ಎಂದು ಅತ್ತೆಯನ್ನು ಕೇಳಿದೆ. ಅವರಿಗೂ ಗೊತ್ತಾಗಲಿಲ್ಲ, ಇನ್ನೊಂದು ಚಿಟಿಕೆ ಹಾಕು ಅಂದರು. ಬಡಿಸಿದೆವು, ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು, ಆಮೇಲೆ ತೆಗೆದು ಒಳಗೆ ಹೋದೆವು. ಎಡೆಯ ಅನ್ನ ಚೆಲ್ಲಬಾರದು, ಮನೆಯವರೇ ಉಣ್ಣಬೇಕು. ಮಾವನ, ಮಾವನ ತಂದೆಯ ಎಲೆಗಳ ಮುಂದೆ ಇವರು ಕೂತರು. ಮಗಳ ಎಲೆಯ ಮುಂದೆ ನಾನೂ ಅತ್ತೆಯೂ ಕೂತೆವು. ಕಲಸಿ ಬಾಯಿಗಿಟ್ಟೆ. ಉಪ್ಪು ಜಾಸ್ತಿಯಾಗಿತ್ತು. ಅತ್ತೆಯೂ ಒಂದು ತುತ್ತು ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ. ಇಬ್ಬರೂ ಸೇರಿ ಎಲೆ ಖಾಲಿ ಮಾಡಿದೆವು.