ಶಾರ್ಕಿಗೆ ತೋರಿಸಿದ ತುತ್ತು

"ಅಯ್ಯ, ಕಸ್ಕೊಂಡ್ರಲ್ಲ!" ಧಾರವಾಡದಿಂದ ಅಮೆರಿಕದ ನೇಪರ್‌ವಿಲ್‌ಗೆ ಬಂದಿರುವ ನಮ್ಮತ್ತೆ ಕೂಗಿದ ರಭಸಕ್ಕೆ ನನ್ನ ಕೈಯ ಚಹಾ ತುಳುಕಿತು. ಟಿವಿಯಲ್ಲಿ ನನ್ನ ಮಗಳು ದಕ್ಷಿಣ ಆಫ್ರಿಕಾದ ಕಡಲಲ್ಲಿ, ಪಂಜರದೊಳಗೆ ಮುಳುಗಿ ಶಾರ್ಕ್ ನೋಡಿದ ವಿಡಿಯೊ ಓಡುತ್ತಿತ್ತು. ನನ್ನ ಕಣ್ಣು ಸರಳು ಹಿಡಿದಿದ್ದ ಅವಳ ಬೆರಳುಗಳ ಮೇಲಿತ್ತು. ದೈತ್ಯ ಬಿಳಿ ಶಾರ್ಕ್ ಬಾಯಿ ತೆರೆದು ಬಂದೊಡನೆ ದೋಣಿಯವರು ಹಗ್ಗಕ್ಕೆ ಕಟ್ಟಿದ್ದ ಮೀನಿನ ತುಂಡನ್ನು ಸರಕ್ಕನೆ ಎಳೆದುಕೊಂಡಿದ್ದರು.

"ಅಜ್ಜಿ, ಇಟ್ಸ್ ಜಸ್ಟ್ ಬೇಟ್, ಆಸೆ ತೋರ್ಸೋಕೆ ಅಷ್ಟೆ. ಅದು ಹತ್ರ ಬಂದ್ರೇನೆ ಫೋಟೊ ಸಿಗೋದು," ಎಂದು ಮಗಳು ನಕ್ಕಳು.

"ಊಟಕ್ಕ ಕರದು ಎಲಿ ಎಳಕೊಂಡಂಗಾತಲ್ಲವಾ. ಆಮ್ಯಾಲೆ ಏನ ಹಾಕಿದ್ರಿ ಅದಕ್ಕ?"

ಮಗಳು ವಿಡಿಯೊ ನಿಲ್ಲಿಸಿದಳು. "ನಥಿಂಗ್," ಎಂದಳು ಮೆಲ್ಲಗೆ.

ಅವಳು ಸುರಕ್ಷಿತವಾಗಿ ಮರಳಿದ್ದೇ ಸಾಕೆಂದುಕೊಂಡಿದ್ದೆ. ಈಗ ಒಲೆಯ ಮುಂದೆ ನಿಂತಾಗಲೆಲ್ಲ, ಆ ಶಾರ್ಕ್ ಅಂದು ಎಲ್ಲಿ ಹೋಗಿ ಏನು ತಿಂದಿತೋ ಎಂದು ಮನಸ್ಸು ಚಡಪಡಿಸುತ್ತದೆ.