ಹೊನ್ನಾಳಿ ಛತ್ರದ ಒಡೆಯದ ಗಾಜು

ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ನನಗೆ ಸಿಕ್ಕಿತ್ತು. ಅದಕ್ಕೆ ಮೊದಲು ಮನೆಯಲ್ಲಿ ಅದನ್ನೇ ಬಿಟ್ಟಿಯಾಗಿ ಮಾಡುತ್ತಿದ್ದೆ. ಎರಡನೇ ಮಹಾಯುದ್ಧದ ವರ್ಷಗಳು. ಮರಾಮತ್ ಇಲಾಖೆಯ ಓವರ್‌ಸಿಯರನಾಗಿದ್ದ ನನ್ನ ಪಾಲಿಗೆ ಹಳೆಯ ಕಟ್ಟಡಗಳ ಉಸ್ತುವಾರಿ ಬಂದಿತ್ತು: ಚನ್ನಗಿರಿಯ ಕೋಟೆಗೋಡೆ, ಜಗಳೂರಿನ ಒಂದು ಹಳೇ ಕಚೇರಿ, ನ್ಯಾಮತಿಯ ಒಂದು ಮಂಟಪ, ಹೊನ್ನಾಳಿಯ ಹೊಳೆದಂಡೆಯ ಕಲ್ಲುಗಾರೆಯ ಛತ್ರ. ಸಿಮೆಂಟು ಸಿಗುತ್ತಿರಲಿಲ್ಲ, ಕಬ್ಬಿಣದ ಮಾತೇ ಎತ್ತುವ ಹಾಗಿರಲಿಲ್ಲ. ರಿಪೇರಿ ಮಾಡಲಾಗದ್ದನ್ನು ನಾವು ನೋಡುತ್ತಿದ್ದೆವು.

ನೋಡುವುದಕ್ಕೂ ಒಂದು ಕ್ರಮವಿತ್ತು. ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಯನ್ನು ಗಾರೆಯಲ್ಲಿ ಕೂರಿಸಿ, ಗಾರೆ ಹಸಿಯಿರುವಾಗಲೇ ಮೊಳೆಯಿಂದ ತಾರೀಕು ಗೀಚುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಬಿರುಕು ಹಳೆಯದು, ಗೋಡೆ ನಿಂತಿದೆ ಎಂದರ್ಥ.

ನನ್ನ ಗಾಜುಗಳು ನನ್ನ ಸ್ವಭಾವವನ್ನೇ ಹೊತ್ತಂತಿದ್ದವು, ಎಲ್ಲಿ ನೋಡಿದರೂ ಒಡೆಯುತ್ತಿದ್ದವು. ಜಗಳೂರಿನಲ್ಲಿ ಒಡೆದಾಗ ವಾರಗಟ್ಟಲೆ ಊಟ ಸೇರಲಿಲ್ಲ. ಕುರಿಯೊಂದು ಗಾಜಿಗೆ ಮೈ ತಿಕ್ಕಿತ್ತು ಅಂತ ಆಮೇಲೆ ತಿಳಿಯಿತು. ಹೊನ್ನಾಳಿಯ ಗಾಜು ಮಾತ್ರ ಒಡೆದದ್ದೇ ಇಲ್ಲ. ಮುಂಗಾರಿಗೆ ಮೊದಲೊಮ್ಮೆ, ಸಂಕ್ರಾಂತಿಯ ಹೊತ್ತಿಗೊಮ್ಮೆ ಪೆಟ್ರೋಲಿಲ್ಲದೆ ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತ ಹೋಗಿ ನೋಡಿದರೆ, ಇಟ್ಟಂತೆ ಇರುತ್ತಿತ್ತು. ಇಡೀ ಜಗತ್ತಿನಲ್ಲಿ ನಾನು ಚಿಂತೆ ಮಾಡದ ವಸ್ತು ಅದೊಂದೇ.

ಛತ್ರವನ್ನು ನೋಡಿಕೊಳ್ಳುತ್ತಿದ್ದಾಕೆ ಗಂಡನನ್ನು ಕಳೆದುಕೊಂಡ ಹೆಂಗಸು. ಮದುವೆಗೆ ಬಂದವರಿಗೆ ನೀರು, ನೆರಳು, ಒಲೆ ಒದಗಿಸುತ್ತ ಒಬ್ಬಳೇ ಮಗಳನ್ನು ಸಾಕಿದ್ದಳು. ಆ ವರ್ಷ ಮುಂಗಾರಿಗೆ ಮೊದಲು ಹೋದಾಗ ಕೇಳಿದಳು: “ಮಗಳಿಗೆ ಜಗಳೂರಿನ ಕಡೆ ಗಂಡು ಗೊತ್ತಾಗೇತ್ರಿ. ದೀಪಾವಳಿ ಕಳೆದ ಮ್ಯಾಲೆ ಇಲ್ಲೇ ಮದುವಿ ಮಾಡಾಕೆ ಅಡ್ಡಿಲ್ಲ ಅಲ್ರಿ? ಗೋಡೆ ಹೆಂಗೈತೆ?”

“ಗುಂಡುಕಲ್ಲು ಇದ್ದಂಗಿದೆಯಮ್ಮ,” ಅಂದೆ. ಜೀವಮಾನದಲ್ಲಿ ನಾನು ಯಾರಿಗಾದರೂ ಕೊಟ್ಟ ಮೊದಲ ಭರವಸೆ ಅದು. ಹೇಳಿಕೊಂಡು ಎರಡು ದಿನ ಹಿಗ್ಗಿದೆ.

ಮದುವೆಗೆ ನನ್ನನ್ನೂ ಕರೆದಿದ್ದಳು. ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಒಂದು ದಿನ ಮೊದಲೇ ಹೊರಟು ಮಧ್ಯಾಹ್ನಕ್ಕೆ ಛತ್ರ ಸೇರಿದೆ. ಒಳಗೆ ಏಣಿ. ಏಣಿಯ ಮೇಲೆ ಪೇಟೆಯಲ್ಲಿ ಪಟಗಳಿಗೆ ಗಾಜು, ಕಟ್ಟು ಹಾಕುವ ಸಾಹೇಬರು. ಅವರ ಕೈಯಲ್ಲಿ ಬೆರಳಗಲದ ಹೊಸ ಗಾಜು. ಕೆಳಗೆ ನಿಂತ ಆಕೆಯ ಕೈಯಲ್ಲಿ ಎರಡು ಚೂರಾದ ಹಳೆಯದು.

“ಏನ್ರೀ ಇದು?” ಅಂದೆ.

“ನಿಮ್ಮ ಕೆಲಸಾನೇ ಮಾಡ್ತಿದೀನಿ ರಾಯ್ರೇ,” ಅಂದರು ಅವರು, ತಿರುಗಿಯೂ ನೋಡದೆ. “ಮೊದಲ್ನೇದು ನೀವು ಕೂರಿಸಿದ್ದು ಸೊಟ್ಟ ಇತ್ತು. ನಂದು ಬರೋಬರಿ ಐತೆ.”

ನನ್ನ ಮುಖ ಕಂಡು ಆಕೆಯೇ ಬಿಡಿಸಿ ಹೇಳಿದಳು: “ಒಡೆದ ಗಾಜು ಇಟ್ಕಂಡು ಮದುವಿ ಮಾಡಾಕಾಗುತ್ತೇನ್ರಿ? ನೋಡಿದ ಬೀಗ್ರು ಏನಂದಾರು! ಒಡೆದಾಗೆಲ್ಲ ತೆಗೆದು ಹೊಸಾದು ಹಾಕಿಸ್ತೀನಿ. ನಿಮಗ್ಯಾಕೆ ಸುಮ್ನೆ ತ್ರಾಸು ಅಂತ.”

“ಮತ್ತೆ ತಾರೀಕು? ನನ್ನ ಕೈಬರಹದಲ್ಲೇ ಇರುತ್ತಿತ್ತಲ್ಲ?”

“ನಂಗೆ ಓದಾಕೆ ಬರಂಗಿಲ್ರಿ,” ಅಂದರು ಸಾಹೇಬರು. “ಹೂವು ಬಳ್ಳಿ ಬಿಡಿಸಿದಂಗೆ, ಹಳೇದನ್ನ ನೋಡಿ ಹಂಗೇ ಬಿಡಿಸ್ತೀನಿ.”

ಹೋದ ಸಂಕ್ರಾಂತಿಯಲ್ಲಿ ಆ ಅಕ್ಷರ ನೋಡಿ, ನನ್ನ ಕೈ ಎಷ್ಟು ದುಂಡಗಿದೆಯಲ್ಲ ಎಂದು ಮೆಚ್ಚಿಕೊಂಡಿದ್ದೆ.

ಹಳೆಯ ಚೂರುಗಳೆಲ್ಲ ಹೊಳೆಯ ಪಾಲಾಗಿದ್ದವು. ಜಗಲಿಯ ಮೇಲೆ ಕೂತು ಯಾವ ಮದುವೆಗೆ ಒಡೆದಿತ್ತು, ಯಾವುದಕ್ಕೆ ಇಲ್ಲ ಅಂತ ಕೇಳುತ್ತ ಹೋದೆ. ಆಕೆ ಹೇಳಿದ್ದು ಹೆಚ್ಚಾಗಿ ಯಾರ ಮನೆಯ ಸಾರು ನೀರಾಗಿತ್ತು, ಯಾವ ಮದುವಣಿಗ ಮುನಿಸಿಕೊಂಡಿದ್ದ ಎಂಬುದನ್ನೇ. ಆದರೂ ಒಂದು ಸಂಗತಿ ಉಳಿಯಿತು: ಬೇಸಿಗೆಯ ಮದುವೆಗಳಿಗೆ ಗಾಜು ಒಡೆದಿರಲಿಲ್ಲ. ದೀಪಾವಳಿಯ ನಂತರದವಕ್ಕೆ ಒಡೆದಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಬುನಾದಿ ನೆನೆದಾಗಲೆಲ್ಲ ಗೋಡೆ ಹೊಳೆಯ ಕಡೆಗೆ ಒಂದಿಷ್ಟು ವಾಲುತ್ತಿತ್ತು. ಈಗ ನೀರು ಇಳಿದಿದೆ, ಬಹುಶಃ ವಾಲುವುದೂ ನಿಂತಿದೆ. ‘ಬಹುಶಃ’ ಎಂಬ ಪದದ ಕೆಳಗೆ ಎರಡು ಊರಿನ ನೆಂಟರನ್ನು ಕೂರಿಸುವ ಧೈರ್ಯ ನನಗೆ ಇರಲಿಲ್ಲ.

“ಬಾಗಿಲು ಮುಚ್ಚಿಸ್ತೀರೇನ್ರಿ?” ಆಕೆಯ ದನಿ ಇಳಿದಿತ್ತು. “ನಾಳೆ ಮುಚ್ಚಿದ ಛತ್ರ ಕಂಡ್ರೆ ಬೀಗ್ರು ಗಾಡಿ ಹಂಗೇ ತಿರುಗಿಸ್ತಾರೆ. ನನ್ನ ಮಗಳನ್ನ ಆಮ್ಯಾಲೆ ಯಾರು ಕೇಳ್ತಾರೆ? ನೀವೇ ಅಲ್ವಾ ಗುಂಡುಕಲ್ಲು ಅಂದೋರು?”

ಅಂದದ್ದು ನಾನೇ. ಛತ್ರದ ಮುಂದಿನ ಅಂಗಳ ಆ ಗೋಡೆಗೆ ದೂರವಿತ್ತು. ಮುಹೂರ್ತ, ಊಟ ಎರಡೂ ಅಲ್ಲೇ ಚಪ್ಪರದಡಿ ಆಗಲಿ, ಒಳಗೆ ಯಾರೂ ಕಾಲಿಡಕೂಡದು ಅಂದೆ. ಚಪ್ಪರಕ್ಕೆ ತಂದ ಸರ್ವೆ ಮರದ ಗಳಗಳಲ್ಲಿ ದಪ್ಪನೆಯವನ್ನು ಆರಿಸಿ, ಹೊಳೆಯ ಕಡೆಯಿಂದ ಗೋಡೆಗೆ ಓರೆಯಾಗಿ ಆನಿಸಿ ನಿಲ್ಲಿಸಿದೆವು. ಸಾಹೇಬರು ಪೇಟೆಯಿಂದ ಇನ್ನಷ್ಟು ಜನರನ್ನು ಕರೆತಂದರು. ಬೋಳು ಗಳ ಕಂಡರೆ ಜನ ಕೇಳುತ್ತಾರೆಂದು ಆಕೆ ಅವಕ್ಕೂ ಮಾವಿನ ಸೊಪ್ಪು ಕಟ್ಟಿಸಿದಳು. ಮರುದಿನ ಕೈಕಾಲು ತೊಳೆಯಲು ಹೊಳೆಗಿಳಿದ ಗಂಡಿನ ಸೋದರಮಾವ ನಿಂತು ನೋಡಿ, “ಹೊಳಿ ಕಡೀಗೂ ಚಪ್ಪರ ಹಾಕ್ಸ್ಯಾರಲ್ಲೋ! ಹೆಣ್ಣಿನೋರು ಜೋರಿದ್ದಾರೆ,” ಅಂದ. ತಾಳಿ ಕಟ್ಟುವಾಗ ವಾಲಗ ಏರಿತು, ನಾನು ಗೋಡೆಯ ಕಡೆ ನೋಡಿದೆ. ಹುಡುಗಿ ಹೇಗಿದ್ದಳೆಂದು ಮನೆಯಲ್ಲಿ ಕೇಳಿದರೆ ಹೇಳಲು ನನಗೆ ಗೊತ್ತಿರಲಿಲ್ಲ.

ಹೊರಡುವ ಮುನ್ನ ಒಪ್ಪಂದವಾಯಿತು. ಇನ್ನು ಗಾಜು ಒಡೆದರೆ ತೆಗೆಯುವ ಹಾಗಿಲ್ಲ, ಮದುವೆಯಿದ್ದರೆ ಮೇಲೊಂದು ಬಟ್ಟೆ ಇಳಿಬಿಡುವುದು. ಹೊಸ ಗಾಜನ್ನು ನಾನೇ ಕೂರಿಸಿ ತಾರೀಕು ಗೀಚಿದೆ. ಬೇಸಿಗೆಯಲ್ಲಿ ಹೊಳೆಯ ಕಡೆ ಗೋಡೆಗೆ ಆಸರೆಯಾಗಿ ಸುಣ್ಣದ ಗಾರೆಯಲ್ಲೇ ಕಲ್ಲಿನ ಆನುಗೋಡೆ ಎದ್ದಿತು.

ಮಳೆಗಾಲ ಮುಗಿದದ್ದೇ ಓಡಿದೆ. ಆಕೆ ಗಾಜಿನ ಮೇಲೆ ಇಳಿಬಿಟ್ಟಿದ್ದ ಅರಿಶಿನ ಬಣ್ಣದ ರವಿಕೆಬಟ್ಟೆಯನ್ನು ಕೋಲಿನಿಂದ ಮೇಲಕ್ಕೆತ್ತಿ ಹಿಡಿದಳು. ಗಾಜು ಒಡೆದಿರಲಿಲ್ಲ. ತಾರೀಕು ನನ್ನದೇ. ಅಕ್ಷರ ನನ್ನದರಂತೆ ಸೊಟ್ಟಗಿತ್ತೇ, ಸಾಹೇಬರದರಂತೆ ದುಂಡಗಿತ್ತೇ? ಏಣಿ ಹತ್ತಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಎರಡೂ ಇದ್ದಂತಿತ್ತು.

“ನಿಜ ಹೇಳಮ್ಮ. ಸಾಹೇಬರನ್ನು ಕರೆಸಿದ್ದೆಯಾ?”

“ಅಯ್ಯೋ ನಿಮ್ಮ! ಮಗಳು ಬಾಣಂತನಕ್ಕೆ ಬಂದು ಒಳಗೆ ಮಲಗ್ಯಾಳೆ. ಗೋಡೆ ಅಲ್ಲಾಡಿದ್ರೆ ನಾನು ಮುಚ್ಚಿಡ್ತೀನೇನ್ರಿ?” ಅಂದಳು. ಕೋಲು ಇಳಿಸಿ ನಕ್ಕಳು: “ಒಡೆದ್ರೂ ಬ್ಯಾನೆ, ಒಡೀದಿದ್ರೂ ಬ್ಯಾನೆ ನಿಮಗೆ. ಬರ್ರಿ, ಮಗೀನ ನೋಡೀರಂತೆ.”